ಕಥೆಯೊಳಗಿನ ದಂಡನೆ
(ಸೊಲ್ಲಾಪುರ ಜಿಲ್ಲೆಯ ನಮ್ಮ ಕನ್ನಡ ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮಾಡಿದ ಭಾಷಣ)



ದುಷ್ಟನು ನ್ಯಾಯಾಲಯದಿಂದ ಪಾರಾಗುತ್ತಾನೆ. ನಾಯಕನು ಕಾನೂನನ್ನು ಬದಿಗಿಟ್ಟು ತಾನೇ ಅವನನ್ನು ದಂಡಿಸುತ್ತಾನೆ. ನೋಡುವವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಇಂಥ ಕಥೆಗಳನ್ನು ನೀವು ಓದಿದ್ದೀರಿ, ಚಿತ್ರಪಟಗಳಲ್ಲಿ ನೋಡಿದ್ದೀರಿ. ನಾವೂ ಚಪ್ಪಾಳೆ ತಟ್ಟಿದವರೇ. ಆದುದರಿಂದ ಇವನ್ನು ಓದಬೇಡಿರೆಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಅನ್ಯಾಯವನ್ನು ಕಂಡು ಮನಸ್ಸು ಕುದಿಯುವುದು ಒಳ್ಳೆಯ ಲಕ್ಷಣವೇ. ಆದರೆ ಕಥೆಯಲ್ಲಿ ಒಪ್ಪುವ ಈ ದಂಡನೆಯನ್ನು ಊರಿನಲ್ಲಿಯೂ ಒಪ್ಪಬಹುದೆ? ಈ ಪ್ರಶ್ನೆಯನ್ನು ತಮ್ಮೊಡನೆ ಕೂಡಿ ವಿಚಾರಿಸಬೇಕೆಂಬುದು ನಮ್ಮ ಇಚ್ಛೆ.

ಅಗಾಥಾ ಕ್ರಿಸ್ಟಿ ಎಂಬ ಆಂಗ್ಲ ಲೇಖಕಿಯ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಎಂಬ ಕಾದಂಬರಿ 1934ರಲ್ಲಿ ಪ್ರಕಟವಾಯಿತು. ಅದರ ಗುಟ್ಟನ್ನು ಈಗ ಬಯಲು ಮಾಡಬೇಕಾಗಿದೆ. ಇನ್ನೂ ಓದದವರು ಕ್ಷಮಿಸಬೇಕು. ಹಿಮದಲ್ಲಿ ಸಿಕ್ಕಿ ನಿಂತ ರೈಲುಗಾಡಿಯಲ್ಲಿ ಒಬ್ಬನ ಕೊಲೆಯಾಗುತ್ತದೆ. ಸತ್ತವನು ಹಿಂದೆ ಪುಟ್ಟ ಹುಡುಗಿಯೊಬ್ಬಳನ್ನು ಅಪಹರಿಸಿ ಕೊಂದು, ಶಿಕ್ಷೆಯಿಂದ ನುಣುಚಿಕೊಂಡವನು. ಆ ಮಗುವಿನ ಮನೆತನಕ್ಕೆ ಬೇಕಾದ ಹನ್ನೆರಡು ಮಂದಿ ಸೇರಿ ಅವನನ್ನು ಇರಿದಿರುತ್ತಾರೆ. ಪತ್ತೇದಾರ ಪೊಯರೊ ನಿಜವನ್ನು ಕಂಡುಹಿಡಿದರೂ, ಅಪರಿಚಿತನೊಬ್ಬ ಕೊಂದು ಓಡಿಹೋದನೆಂಬ ಸುಳ್ಳು ವಿವರಣೆಯೇ ಪೊಲೀಸರಿಗೆಂದು ನಿಶ್ಚಯವಾಗುತ್ತದೆ. ಓದುಗರು ನೆಮ್ಮದಿಯ ಉಸಿರು ಬಿಡುತ್ತಾರೆ. ಏಕೆಂದರೆ ಸತ್ತವನೇ ಅಪರಾಧಿಯೆಂಬುದರಲ್ಲಿ ಲೇಖಕಿ ಎಳ್ಳಷ್ಟೂ ಸಂಶಯ ಉಳಿಸಿಲ್ಲ. ಮತ್ತೊಂದು ಸಂಗತಿಯನ್ನೂ ಗಮನಿಸಿರಿ: ಇಂಗ್ಲೆಂಡಿನ ನ್ಯಾಯಾಲಯದ ಜ್ಯೂರಿಯಲ್ಲಿಯೂ ಹನ್ನೆರಡೇ ಮಂದಿ. ಕಾನೂನನ್ನು ಮೀರಿದವರೂ ಅದರ ವೇಷವನ್ನೇ ತೊಡಬೇಕಾಯಿತು.

ಫ್ರಾನ್ಸಿನ ಅಲೆಕ್ಸಾಂಡರ್ ಡ್ಯೂಮಾ 1844ರಿಂದ 1846ರ ವರೆಗೆ ಪ್ರಕಟಿಸಿದ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಇನ್ನೂ ಆಳಕ್ಕೆ ಇಳಿಯುತ್ತದೆ. ಸುಳ್ಳು ದೂರಿನಿಂದ ಹದಿನಾಲ್ಕು ವರುಷ ಸೆರೆಯಲ್ಲಿ ಕೊಳೆತ ನಾವಿಕ ದಾಂತೆ ತಪ್ಪಿಸಿಕೊಂಡು, ಐಶ್ವರ್ಯವಂತನಾಗಿ, ವೈರಿಗಳ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಆದರೆ ಆ ಕೋಲಾಹಲದಲ್ಲಿ ವೈರಿಯೊಬ್ಬನ ಎಳೆಯ ಮಗನೂ ವಿಷಕ್ಕೆ ತುತ್ತಾಗುತ್ತಾನೆ. ಹುಡುಗನನ್ನು ಬದುಕಿಸಲು ದಾಂತೆ ಹೆಣಗಿ ಸೋಲುತ್ತಾನೆ. ತಾನು ದೇವರ ಕೈಯೆಂಬ ಅವನ ನಂಬಿಕೆ ಅಲ್ಲಿ ಕುಸಿಯುತ್ತದೆ. ಕೊನೆಯ ವೈರಿಯನ್ನು ಅವನು ಕೊಲ್ಲದೆ ಕ್ಷಮಿಸುತ್ತಾನೆ.

ಕಥೆಯಲ್ಲಿ ಎಲ್ಲವನ್ನೂ ಬಲ್ಲ ಸಾಕ್ಷಿಯೊಬ್ಬನಿರುತ್ತಾನೆ, ಅವನೇ ಲೇಖಕ. ಊರಿನಲ್ಲಿ ಅಂಥ ಸಾಕ್ಷಿ ದೊರೆಯುವುದಿಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ ನಡೆದುದನ್ನು ಹಿರಿಯರು ಮರೆತಿರಲಾರರು. ಭಿಕ್ಷಾಟನೆಯಿಂದ ಜೀವಿಸುವ ಐವರು ಅಲ್ಲಿಗೆ ಹೋಗಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮದೇ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಮಕ್ಕಳ ಕಳ್ಳರು ಬಂದಿದ್ದಾರೆಂದು ಮೊಬೈಲುಗಳಲ್ಲಿ ಹಬ್ಬಿದ ವದಂತಿಯನ್ನು ನಂಬಿದ ಜನರು ಅವರನ್ನು ಪಂಚಾಯತಿಯ ಕೋಣೆಯಲ್ಲಿ ಕೂಡಿಹಾಕಿ ಹೊಡೆದು ಕೊಂದರು. ಐವರಲ್ಲಿ ಒಬ್ಬನೂ ಮಕ್ಕಳ ಕಳ್ಳನಾಗಿರಲಿಲ್ಲ. ಹೊಡೆದವರಲ್ಲಿ ಎಷ್ಟು ಮಂದಿ ತಾವು ಮಕ್ಕಳನ್ನು ಕಾಪಾಡುತ್ತಿರುವೆವೆಂದೇ ತಿಳಿದಿದ್ದರೋ! ಅದೇ ತಿಂಗಳ 17ರಂದು ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಯನ್ನು ಖಂಡಿಸಿ, ಅದನ್ನು ತಡೆಯಲು ಪ್ರತಿ ಜಿಲ್ಲೆಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ಗೊತ್ತುಪಡಿಸಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು.

‘ನ್ಯಾಯಾಲಯವೂ ತಪ್ಪುವುದಿಲ್ಲವೆ?’ ಎಂದು ತಾವು ಕೇಳಬಹುದು. ತಪ್ಪುತ್ತದೆ. ಅಮೆರಿಕದ ಹಾರ್ಪರ್ ಲೀ 1960ರಲ್ಲಿ ಪ್ರಕಟಿಸಿದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯಲ್ಲಿ ಕಪ್ಪು ಜನಾಂಗದ ನಿರಪರಾಧಿಯೊಬ್ಬನನ್ನು ಜ್ಯೂರಿಯೇ ಅಪರಾಧಿಯೆನ್ನುತ್ತದೆ. ಮೇಲ್ಮನವಿ ವಿಚಾರಣೆಗೆ ಬರುವ ಮುನ್ನವೇ ಅವನು ಸಾಯುತ್ತಾನೆ. ಆದರೂ ಅವನ ವಕೀಲನು ವಿಚಾರಣೆಗೆ ಮುಂಚಿನ ಒಂದು ರಾತ್ರಿ ಸೆರೆಮನೆಯ ಬಾಗಿಲಲ್ಲಿ ಕುಳಿತು, ಅವನನ್ನು ಕೊಲ್ಲಬಂದ ಗುಂಪಿಗೆ ಅಡ್ಡ ನಿಲ್ಲುತ್ತಾನೆ. ಆ ಗುಂಪು ಚದುರುವುದು ವಕೀಲನ ಪುಟ್ಟ ಮಗಳಿಂದ. ಅವಳು ಗುಂಪಿನಲ್ಲಿ ತನ್ನ ಸಹಪಾಠಿಯ ತಂದೆಯನ್ನು ಗುರುತಿಸಿ, ಅವನ ಮಗನ ಮಾತೆತ್ತಿ ಸ್ನೇಹದಿಂದ ಮಾತನಾಡಿಸುತ್ತಾಳೆ. ಅವನು ಉಳಿದವರನ್ನು ಕರೆದುಕೊಂಡು ಹಿಂದಿರುಗುತ್ತಾನೆ. ನ್ಯಾಯಾಲಯದ ತಪ್ಪನ್ನು ತಿದ್ದಲು ದಾರಿಯಾದರೂ ಉಂಟು, ಅದು ಎಷ್ಟೇ ಇಕ್ಕಟ್ಟಾಗಿರಲಿ. ಗುಂಪಿನ ತಪ್ಪಿಗೆ ಆ ದಾರಿಯೇ ಇಲ್ಲ.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ನಾವು ಐದನೆಯ ಇಯತ್ತೆಯಲ್ಲಿದ್ದಾಗ ಸಹಪಾಠಿಯೊಬ್ಬನ ಕಂಪಾಸು ಪೆಟ್ಟಿಗೆ ಕಳೆಯಿತು. ಹರಿದ ಅಂಗಿಯ ಹುಡುಗನೊಬ್ಬನ ಮೇಲೆ ಸಂಶಯ ಬಂದಿತು. ಗುರುಗಳಿಗೆ ತಿಳಿಸದೆ ನಾವು ನಾಲ್ವರು ಅವನನ್ನು ಶಾಲೆಯ ಹಿಂದೆ ಕರೆದೊಯ್ದು ಹೊಡೆದೆವು. ಮರುದಿನ ಪೆಟ್ಟಿಗೆ ಅದರ ಒಡೆಯನ ಮನೆಯಲ್ಲಿಯೇ ದೊರೆಯಿತು. ಕ್ಷಮೆ ಕೇಳಲು ನಮಗೆ ಧೈರ್ಯವಾಗಲಿಲ್ಲ. ಮಳೆಗಾಲ ಮುಗಿಯುವ ಮುನ್ನ ಅವನು ಶಾಲೆ ಬಿಟ್ಟನು. ಬಡತನದಿಂದ ಬಿಟ್ಟನೋ ನಮ್ಮಿಂದ ಬಿಟ್ಟನೋ ಇಂದಿಗೂ ತಿಳಿಯದು.

ಆದುದರಿಂದ ವಿದ್ಯಾರ್ಥಿಗಳೇ, ಕಥೆಗಳನ್ನು ಮನದಣಿಯೆ ಓದಿರಿ. ಪುಸ್ತಕ ಮುಚ್ಚಿದ ಮೇಲೆ ಯಾರ ಮೇಲಾದರೂ ಆರೋಪ ಕೇಳಿಬಂದರೆ, ‘ಕಂಡವರು ಯಾರು? ಅವನ ಮಾತನ್ನೂ ಕೇಳಿದಿರಾ?’ ಎನ್ನುವವರು ನೀವಾಗಿರಿ. ಪಾಲಕರಲ್ಲಿಯೂ ಇದೇ ಬಿನ್ನಹ: ಮೊಬೈಲಿಗೆ ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮುನ್ನ ಮಕ್ಕಳ ಎದುರಿನಲ್ಲಿಯೇ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ನಿಜವಾಗಿಯೂ ಭಯವಿದ್ದರೆ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿರಿ.