ಚಿಕ್ಕ ಸೈಕಲ್ಲಿಗೊಂದು ಹಸುಬೆ

ಹಸುಬೆ ಎಂಬ ಮಾತು ಈಗಿನ ಮಕ್ಕಳ ಕಿವಿಗೆ ಬೀಳುವುದು ಅಪರೂಪ. ಎರಡು ಕಡೆಗೂ ತುಂಬಿ, ನಡುವೆ ಮಡಚಿ, ಎತ್ತಿನ ಬೆನ್ನಿನ ಇಬ್ಬದಿಗೆ ಇಳಿಬಿಡುತ್ತಿದ್ದ ಉದ್ದನೆಯ ಚೀಲಕ್ಕೆ ಆ ಹೆಸರು. ಹಳಗನ್ನಡದಲ್ಲಿ ಅದು ಪಸುಂಬೆ. ರೈಲೂ ಮೋಟಾರೂ ಬರುವ ಮೊದಲು ನಮ್ಮ ನಾಡಿನ ದವಸ, ಉಪ್ಪು, ಅರಿವೆಗಳು ಊರಿಂದೂರಿಗೆ ಸಾಗಿದ್ದು ಬಹುಮಟ್ಟಿಗೆ ಹೇರೆತ್ತುಗಳ ಬೆನ್ನಿನ ಮೇಲೆ. ಅಯ್ಯಾವೊಳೆಯ ಐನೂರ್ವರಂಥ ದೊಡ್ಡ ವರ್ತಕ ಸಮೂಹವೂ ಎತ್ತು ಕತ್ತೆಗಳ ಹೇರನ್ನೇ ನೆಚ್ಚಿಕೊಂಡಿತ್ತು. ಇಷ್ಟು ಹಳೆಯ ಚೀಲವನ್ನು ಇಂದು ನಾನು ನೆನೆಯುವುದಕ್ಕೆ ಕಾರಣ ಇತಿಹಾಸದ ಮೇಲಣ ಮೋಹವಲ್ಲ, ಒಂದು ಚಿಕ್ಕ ಸೈಕಲ್ಲು.

ಗೋಕಾಕ ತಾಲೂಕಿನ ಮೇಲವಂಕಿಯಲ್ಲಿ ನಮ್ಮ ಹೊಲದ ನೆರೆಗೆ ಒಂದು ತೋಟದ ಮನೆ. ಆ ಮನೆಯ ಹುಡುಗಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲು ಹತ್ತಿರವಾಯಿತು. ಈಕೆಯದು ಹಿರಿಯಕ್ಕನಿಗೆ ಹಾಗೆ ಬಂದು, ಅವಳಿಂದ ಇವಳಿಗೆ ಇಳಿದ ಸೈಕಲ್ಲು. ಕ್ಯಾರಿಯರಿನ ಮೇಲೆ ಒಂದನೆಯ ತರಗತಿಯ ತಮ್ಮ ಕೂಡುತ್ತಾನೆ. ಆದುದರಿಂದ ಪಾಟೀಚೀಲಕ್ಕೆ ಅಲ್ಲಿ ಸ್ಥಳವಿಲ್ಲ. ಬೆನ್ನಿಗೆ ಹಾಕಿಕೊಂಡರೆ ಅದು ತಮ್ಮನ ಮೂಗಿಗೆ ಒತ್ತುತ್ತದೆ. ಹ್ಯಾಂಡಲಿಗೆ ತೂಗುಹಾಕಿದರೆ ಮುಂಗಾಲಿ ಹೇಳಿದ ಮಾತು ಕೇಳುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಬರುವ ಟ್ರ್ಯಾಕ್ಟರಿಗೆ ದಾರಿಬಿಟ್ಟು ಅಂಚಿಗೆ ಸರಿಯಬೇಕಾದಾಗ ಮುಂಗಾಲಿ ಮಾತು ಕೇಳದಿದ್ದರೆ ಏನಾದೀತೆಂಬುದನ್ನು ನಾನು ಬಣ್ಣಿಸಬೇಕಾಗಿಲ್ಲ.

ಒಂದು ಮುಂಜಾನೆ ಬೆನ್ನಿನ ಚೀಲದ ಸಡಿಲು ಪಟ್ಟಿ ಹಿಂದಿನ ಗಾಲಿಯ ಕಡ್ಡಿಗಳಲ್ಲಿ ಸಿಕ್ಕಿತು. ಅಕ್ಕ ತಮ್ಮ ಇಬ್ಬರೂ ಬಿದ್ದರು. ಹುಡುಗನ ಹಿಮ್ಮಡಿಯ ಚರ್ಮ ಸುಲಿಯಿತು. “ನಾಳಿಂದ ತಮ್ಮನ್ನ ಕರಕೊಂಡು ಹೋಗಬ್ಯಾಡ” ಎಂದು ತಾಯಿ ಕಟ್ಟುನಿಟ್ಟು ಮಾಡಿದಳು. ತೋಟದಲ್ಲಿ ಆಳಿನ ಕೆಲಸವಿರುವಾಗ ಹುಡುಗನನ್ನು ಶಾಲೆಗೆ ಮುಟ್ಟಿಸುವವರು ಬೇರೆ ಯಾರೂ ಇಲ್ಲ. ಹುಡುಗಿ ಸಂಜೆ ನನ್ನ ಬಳಿಗೆ ಬಂದು, “ಸರ, ಚೀಲಕ್ಕ ಎಲ್ಲೆರೆ ಒಂದು ಜಾಗಾ ಮಾಡಿಕೊಡ್ರಿ. ಇಲ್ಲಂದ್ರ ಅವನ ಸಾಲಿ ತಪ್ಪತೈತ್ರಿ” ಎಂದಳು. ಒಂದು ಸೈಕಲ್ಲಿನ ಮೇಲೆ ಇಬ್ಬರು ಕೂಡಬಾರದೆಂಬ ಹಿತವಚನ ನಿವೃತ್ತ ಶಾಲಾಮಾಸ್ತರನಾದ ನನಗೂ ಗೊತ್ತಿದೆ. ಆದರೆ ಎರಡನೆಯ ಸೈಕಲ್ಲನ್ನು ಕೊಡದೆ ಆ ವಚನವನ್ನಷ್ಟೇ ಕೊಡುವುದು ನನ್ನಿಂದಾಗಲಿಲ್ಲ.

ಚೀಲವನ್ನು ಸೀಟಿನ ಹಿಂಬದಿಗೆ ತೂಗುಹಾಕುವ ಪದ್ಧತಿ ಇಂಗ್ಲೆಂಡಿನಲ್ಲಿ ಬಹಳ ಹಿಂದಿನದು. 1866ರಲ್ಲಿ ಆರಂಭವಾದ ಬ್ರೂಕ್ಸ್ ಕಂಪನಿಯ ತೊಗಲಿನ ಸೀಟುಗಳಲ್ಲಿ ಅನೇಕಕ್ಕೆ, ಹಿಂದುಗಡೆ ಪಟ್ಟಿ ಪೋಣಿಸಲೆಂದೇ ಎರಡು ಕಿವಿಗಳಿರುತ್ತವೆ. ಲ್ಯಾಂಕಶೈರಿನ ನೆಲ್ಸನ್ ಎಂಬ ಊರಿನಲ್ಲಿ ಕ್ಯಾರಡೈಸ್ ಎಂಬ ಕಾರ್ಖಾನೆಯು 1932ರಿಂದ ಇಂಥ ಚೀಲಗಳನ್ನು ದಪ್ಪ ಹತ್ತಿಬಟ್ಟೆಯಲ್ಲಿ ಹೊಲಿಯುತ್ತ ಬಂದಿದೆ. ನಮ್ಮಲ್ಲಿಯೂ ರ‍್ಯಾಲಿ ಸೈಕಲ್ಲು ಇದ್ದ ಮನೆಗಳಲ್ಲಿ, ಪಾನಾ ಮತ್ತು ಪಂಕ್ಚರ್ ತಿದ್ದುವ ರಬ್ಬರಿನ ತುಂಡುಗಳನ್ನು ಇಟ್ಟುಕೊಂಡು ಸೀಟಿನ ಹಿಂದೆ ತೂಗುತ್ತಿದ್ದ ತೊಗಲಿನ ಪುಟ್ಟ ಚೀಲ ಹಿರಿಯರಿಗೆ ನೆನಪಿರಬಹುದು. ಸೈಕಲ್ ಅಂಗಡಿಯವರೂ ನಾನೂ ಮೊದಲು ಯೋಚಿಸಿದ್ದು ಇದನ್ನೇ. ಆದರೆ ಅಳತೆಪಟ್ಟಿ ಒಪ್ಪಲಿಲ್ಲ.

ದೊಡ್ಡವರ ಸೈಕಲ್ಲಿನ ಗಾಲಿ 28 ಅಂಗುಲ. ಎತ್ತರದ ಸವಾರನ ಸೀಟು ನೆಲದಿಂದ 38 ಅಂಗುಲವಿದ್ದರೆ ನಡುವೆ 10 ಅಂಗುಲ ಉಳಿಯಿತು. ಸೀಟಿನ ದಪ್ಪಕ್ಕೂ ಸ್ಪ್ರಿಂಗಿಗೂ ಮೂರು, ಮಡ್‌ಗಾರ್ಡಿಗೆ ಒಂದು ಎಂದು ಕಳೆದರೂ ಆರಂಗುಲದ ಅವಕಾಶವಿದೆ. ಹುಡುಗಿಯ ಸೈಕಲ್ಲಿನ ಗಾಲಿ 26 ಅಂಗುಲ. ಅವಳ ಕಾಲಳತೆಗೆ ಇಳಿಸಿದ ಸೀಟು 32. ಅದೇ ನಾಲ್ಕನ್ನು ಕಳೆದರೆ ಉಳಿದದ್ದು ಎರಡೇ ಅಂಗುಲ! ಚೌಕಟ್ಟು ಚಿಕ್ಕದಾಯಿತು, ಸೀಟು ಕೆಳಗಿಳಿಯಿತು, ಆದರೆ ಗಾಲಿ ಅದಕ್ಕೆ ತಕ್ಕಷ್ಟು ಚಿಕ್ಕದಾಗಲಿಲ್ಲ. ತೊಡಕೆಲ್ಲ ಇರುವುದು ಇಲ್ಲಿ. ಅದೂ ಸೈಕಲ್ಲು ಖಾಲಿ ನಿಂತಾಗಿನ ಲೆಕ್ಕ. ಸವಾರಳು ಕುಳಿತು, ಗಾಲಿ ತಗ್ಗಿಗೆ ಬಿದ್ದು, ಸ್ಪ್ರಿಂಗು ಕುಗ್ಗಿದರೆ ಆ ಎರಡಂಗುಲವೂ ಇಲ್ಲ. ಮೇಲಾಗಿ ಹುಡುಗಿಯರ ಸೈಕಲ್ಲಿಗೆ ನಡುಕಂಬಿ ಇಲ್ಲದ್ದರಿಂದ ಚೌಕಟ್ಟಿನೊಳಗೆ ಚೀಲ ಕಟ್ಟುವ ಮಾತೂ ಇಲ್ಲ.

ಆಗ ನೆನಪಾದದ್ದು ಹಸುಬೆ. ಕ್ಯಾರಿಯರಿನ ಮೇಲೆ ಅದನ್ನು ಅಡ್ಡಹಾಕಿ, ಎರಡು ಚೀಲಗಳನ್ನು ಗಾಲಿಯ ಎರಡು ಮಗ್ಗುಲಿಗೆ ಇಳಿಬಿಟ್ಟರೆ ಸೀಟಿನ ಎತ್ತರದ ಗೊಡವೆಯೇ ಬೇಡ. ಹಾಲಿನವರು ಕ್ಯಾನುಗಳನ್ನು ತೂಗುಹಾಕುವ ಕ್ರಮವೂ ಇದೇ ಅಲ್ಲವೆ? ಮಡಿಕೆಯ ನಡುಭಾಗ ತಮ್ಮನಿಗೆ ಮೆತ್ತೆಯಾಯಿತು. ಹಾಲಿನ ಕ್ಯಾನು ಲೋಹದ್ದು, ಗಟ್ಟಿಯಾಗಿ ನಿಲ್ಲುತ್ತದೆ. ಎತ್ತಿಗೆ ಪಕ್ಕೆಲುಬಿದೆ, ಎಷ್ಟು ಮೆತ್ತನೆಯ ಚೀಲವಾದರೂ ಅದರ ಮೇಲೆ ಒರಗಿಕೊಳ್ಳುತ್ತದೆ. ಸೈಕಲ್ಲಿಗೆ ಪಕ್ಕೆಲುಬಿಲ್ಲ, ಬಟ್ಟೆಯ ಚೀಲ ಒಳಗೆ ವಾಲಿದರೆ ನೇರವಾಗಿ ಕಡ್ಡಿಗಳ ಬಾಯಿಗೆ ಹೋಗುತ್ತದೆ. ಆದ್ದರಿಂದ ಪ್ರತಿ ಚೀಲದ ಒಳಮೈಗೆ ತೆಳುವಾದ ಪ್ಲೈವುಡ್ ಹಲಗೆಯೊಂದನ್ನು ಸೇರಿಸಿ ಹೊಲಿಸಿದೆವು. ಎಣ್ಣೆ ಡಬ್ಬಿಯ ತಗಡು ಅಗ್ಗವೇನೋ ಹೌದು, ಆದರೆ ಅದರ ಅಂಚು ಬಟ್ಟೆಯನ್ನೂ ಕೊಯ್ಯುತ್ತದೆ, ಕಾಲನ್ನೂ ಕೊಯ್ಯುತ್ತದೆ. ಹಲಗೆಯ ಮೇಲಂಚನ್ನು ಕ್ಯಾರಿಯರಿಗೂ ಕೆಳಮೂಲೆಯನ್ನು ಅಚ್ಚಿನ ಬಳಿಯ ಕಂಬಿಗೂ ಬಿಗಿದು ಕಟ್ಟಿದ ಮೇಲೆ ಚೀಲ ತೂಗಾಡುವುದು ನಿಂತಿತು. ಹುಡುಗನ ಕಾಲಿಗೂ ಕಡ್ಡಿಗೂ ನಡುವೆ ಒಂದು ಗೋಡೆಯೂ ಬಂತು. ತಾಯಿ ಒಪ್ಪಿದ್ದು ಈ ಗೋಡೆಯನ್ನು ಕಂಡು.

ಚಿಕ್ಕ ಚೌಕಟ್ಟಿನ ಇನ್ನೊಂದು ಕಾಟವೆಂದರೆ ಹಿಮ್ಮಡಿ. ಪೆಡಲಿಗೂ ಹಿಂದಿನ ಅಚ್ಚಿಗೂ ಅಂತರ ಕಡಿಮೆಯಾದ್ದರಿಂದ ಪೆಡಲ್ ತುಳಿಯುವ ಪಾದದ ಹಿಮ್ಮಡಿ ಪ್ರತಿ ಸುತ್ತಿಗೂ ಚೀಲಕ್ಕೆ ಬಡಿಯುತ್ತದೆ. ಚೀಲವನ್ನು ಆದಷ್ಟು ಹಿಂದೆ ಸರಿಸಿ, ಅದರ ಕೆಳಗಿನ ಮುಂಮೂಲೆಯನ್ನು ಓರೆಯಾಗಿ ಕತ್ತರಿಸಿ ಹೊಲಿಯಬೇಕು. ದರ್ಜಿ, “ಮೂಲೀ ಕತ್ತರಿಸಿದ್ರ ಚಂದ ಕಾಣೂದಿಲ್ರಿ” ಎಂದು ಕೊಂಚ ಮುನಿಸಿಕೊಂಡರು. ಚೀಲದ ದಪ್ಪ ನಾಲ್ಕಂಗುಲ ಮೀರದಿರಲಿ. ಮೀರಿದರೆ ಹುಡುಗ ಕಾಲು ಅಗಲಿಸಿ ಕೂಡಲಾರ, ದಾರಿಯ ಅಂಚಿನ ಜಾಲಿಯೂ ತಗಲುತ್ತದೆ. ಕೆಳಗೆ ಸಾಕಷ್ಟು ತೆರಪಿರಲಿ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೇ ತುಂಬಿ ನಿಲ್ಲುವಂಥದು. ಕಡ್ಡಿ ಹಾಕಿ ಕೆದರಿ ತೆಗೆಯಲು ಕೈಗೆ ದಾರಿ ಬೇಕು.

ಎರಡು ಬದಿಯ ತೂಕ ಸಮನಾಗಿರಬೇಕೆಂಬುದು ಹೇರೆತ್ತಿನವರಿಗೆ ತಿಳಿದಿದ್ದ ಸಂಗತಿ. ಕರ್ನಾಟಕ ಸರ್ಕಾರವು 2019ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಒಂಬತ್ತು, ಹತ್ತನೆಯ ತರಗತಿಯ ಮಕ್ಕಳ ಚೀಲ 4ರಿಂದ 5 ಕಿಲೋ ಇರಬಹುದು, ಒಂದನೆಯ ತರಗತಿಯದು ಒಂದೂವರೆಯಿಂದ ಎರಡು ಕಿಲೋ. ಅಕ್ಕನದೆಲ್ಲ ಒಂದು ಬದಿಗೆ, ತಮ್ಮನದೆಲ್ಲ ಇನ್ನೊಂದು ಬದಿಗೆ ಎಂದರೆ ಸೈಕಲ್ಲು ಎಡಕ್ಕೋ ಬಲಕ್ಕೋ ಎಳೆಯತೊಡಗುತ್ತದೆ. ಅಕ್ಕನ ಪುಸ್ತಕಗಳಲ್ಲಿ ಕೆಲವು ತಮ್ಮನ ಬದಿಗೆ ಹೋಗಲೇಬೇಕು; ಇದಕ್ಕೆ ಇಬ್ಬರನ್ನೂ ಒಪ್ಪಿಸುವುದು ಹಲಗೆ ಕಟ್ಟಿದ್ದಕ್ಕಿಂತ ಕಷ್ಟವಾಯಿತು.

ಕಟ್ಟಿ ಮುಗಿದ ಮೇಲೆ ಹಿಂದಿನ ಗಾಲಿಯನ್ನು ಎತ್ತಿ ತಿರುಗಿಸಿ ನೋಡಿದರೆ ಸಾಲದು. ಪುಸ್ತಕ ತುಂಬಿ, ಇಬ್ಬರನ್ನೂ ಕೂಡಿಸಿ, ಒಬ್ಬರು ಸೈಕಲ್ಲನ್ನು ಹಿಡಿದುಕೊಂಡು, ಇನ್ನೊಬ್ಬರು ಬಗ್ಗಿ ಎಲ್ಲಿ ಏನು ತಗಲುತ್ತದೆಂದು ನೋಡಬೇಕು. ಪಟ್ಟಿಗಳ ಉದ್ದನೆಯ ತುದಿಗಳನ್ನು ಕತ್ತರಿಸಿಬಿಡಬೇಕು, ಗಂಟು ಹಾಕಿ ಬಿಟ್ಟರೆ ಅದು ಬಿಚ್ಚಿಕೊಳ್ಳುತ್ತದೆ. ಒಂಟಿಕಾಲಿನ ಸ್ಟ್ಯಾಂಡು ಈ ಹೇರನ್ನು ತಡೆಯಲಾರದು; ಮೊದಲು ತಮ್ಮ ಇಳಿಯಬೇಕು, ಆಮೇಲೆ ಸೈಕಲ್ಲನ್ನು ಗೋಡೆಗೆ ಒರಗಿಸಬೇಕು.

ಮಳೆಗೆಂದು ಒಳಗಡೆ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು ಒಣಗಿಸಿ ಅಸ್ತರಿಯಾಗಿ ಕೊಟ್ಟಿದ್ದೇವೆ. ಬಾಯಿಗೆ ಮೊದಲು ಒಂದೊಂದು ಬಕ್ಕಲ್ಲು ಇತ್ತು. ತಮ್ಮ ದಾರಿಯಲ್ಲಿಯೇ ಬಗ್ಗಿ ಬುತ್ತಿಯ ಗಂಟಿಗೆ ಕೈಹಾಕುತ್ತಾನೆಂದು ಅಕ್ಕ ದೂರು ತಂದದ್ದರಿಂದ, ಬುತ್ತಿ ಇರುವ ಬದಿಗೆ ಈಗ ಎರಡು ಹಾಕಿಸಿದ್ದೇನೆ.