ಪರದೇಶದ ದುಡಿಮೆಯೂ ಮನೆಗೆ ಬಂದ ಹಣವೂ

ಹೊಟ್ಟೆಪಾಡಿಗಾಗಿ ಪರದೇಶಕ್ಕೆ ಹೋದವನು ಮನೆಗೆ ಕಳುಹಿಸುವ ಹಣವು ಆ ಮನೆಯನ್ನೂ ಆ ನಾಡನ್ನೂ ಹೇಗೆ ಮಾರ್ಪಡಿಸುವುದೆಂಬುದೇ ಇಂದಿನ ವಿಷಯವು. ನಿದರ್ಶನಕ್ಕೆ ನಮ್ಮ ನೆರೆಯ ಕೇರಳವೇ ಸಾಕು.

1973ರಲ್ಲಿ ಎಣ್ಣೆಯ ಬೆಲೆಯು ಒಮ್ಮೆಲೇ ಏರಲು, ಅರಬ್ಬೀ ರಾಜ್ಯಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸವು ಹೇರಳವಾಯಿತು. ಕೇರಳದಲ್ಲಿಯಾದರೋ ವಿದ್ಯೆಯಿದ್ದಿತು, ಉದ್ಯೋಗವು ಸಾಲದಾಗಿದ್ದಿತು. ಅಲ್ಲಿಯ ಜನರು ಸಮುದ್ರವನ್ನು ದಾಟಿ ಹೋದರು. 2023ರ ಕೇರಳ ವಲಸೆ ಸಮೀಕ್ಷೆಯಂತೆ ಹೊರದೇಶಗಳಲ್ಲಿರುವ ಕೇರಳೀಯರು ಸುಮಾರು 22 ಲಕ್ಷ ಮಂದಿ. ಅವರಿಂದ ಆ ವರ್ಷ ಬಂದ ಹಣವು ಸುಮಾರು 2.17 ಲಕ್ಷ ಕೋಟಿ ರೂಪಾಯಿ.

ಈ ಹಣದಿಂದಾದ ಉಪಕಾರವು ಅಲ್ಪವಲ್ಲ. ಸಾಲಗಳು ತೀರಿದವು, ಗುಡಿಸಲಿದ್ದಲ್ಲಿ ಮನೆಗಳೆದ್ದವು, ಮಕ್ಕಳು ಮೇಲಣ ವಿದ್ಯೆಯನ್ನು ಪಡೆದರು, ಗಂಡನು ದೂರವಿದ್ದುದರಿಂದ ಎಷ್ಟೋ ಹೆಂಗಸರು ಬ್ಯಾಂಕಿನ ವ್ಯವಹಾರವನ್ನು ತಾವೇ ನಡೆಸಲು ಕಲಿತರು. ಮನೆ ಕಟ್ಟುವ ಕೆಲಸವು ಹೆಚ್ಚಿದಂತೆ ಕೂಲಿಯೂ ಏರಿತು. ದುಡಿಯುವ ಕೈಗಳು ಸಾಲದಾದವು. ಆಗ ಬಂಗಾಳ, ಅಸ್ಸಾಮು, ಒಡಿಶಾ ಪ್ರಾಂತಗಳ ಕೂಲಿಕಾರರು ಕೇರಳಕ್ಕೆ ಬಂದರು. ಅವರೂ ತಮ್ಮ ಊರಿಗೆ ಹಣವನ್ನು ಕಳುಹಿಸತೊಡಗಿದರು. ಹೀಗೆ ದುಬೈಯ ಬಿಸಿಲಿನಲ್ಲಿ ಸುರಿದ ಬೆವರು ಅಸ್ಸಾಮಿನ ಬಡವನ ಒಲೆಯನ್ನೂ ಉರಿಸುವುದು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವುಂಟು. ಭೂಮಿಯ ಬೆಲೆಯು ಏರಿತು. ಪರದೇಶದಲ್ಲಿ ಯಾರೂ ಇಲ್ಲದ ಬಡವನಿಗೆ ನಿವೇಶನವು ಕೈಗೆಟುಕದಾಯಿತು. ಹಣವು ಮನೆ, ಒಡವೆ, ಮದುವೆಗಳಿಗೆ ಹರಿದಷ್ಟು ಕೈಗಾರಿಕೆಗಳಿಗೆ ಹರಿಯಲಿಲ್ಲ; ಆದುದರಿಂದ ತಂದೆಯಂತೆಯೇ ಮಗನೂ ಹಡಗನ್ನೋ ವಿಮಾನವನ್ನೋ ಏರಬೇಕಾಯಿತು. 1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಲು, ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಅವರಲ್ಲಿ ಕೇರಳದವರು ಬಹುಮಂದಿ. ತಿಂಗಳು ತಪ್ಪದೆ ಬರುತ್ತಿದ್ದ ಹಣವು ಒಮ್ಮೆಲೇ ನಿಂತರೆ ದೊಡ್ಡ ಮನೆಯು ಅನ್ನವನ್ನಿಕ್ಕುವುದೇ?

ಇದು ಕೇರಳವೊಂದರ ಮಾತಲ್ಲ. 2022ರಲ್ಲಿ ಭಾರತಕ್ಕೆ ಹೀಗೆ ಬಂದ ಹಣವು 10,000 ಕೋಟಿ ಡಾಲರುಗಳನ್ನು ಮೀರಿತು. ಯಾವ ದೇಶಕ್ಕೂ ಅದುವರೆಗೆ ಅಷ್ಟು ಬಂದಿರಲಿಲ್ಲ. ನಮ್ಮ ಭಕ್ತರಲ್ಲಿಯೂ ದೂರದೇಶದಲ್ಲಿ ದುಡಿಯುವವರಿರುವರು. ಅವರ ಮನೆಯವರಿಗೆ ನನ್ನ ವಿಜ್ಞಾಪನೆಯಿಷ್ಟೆ: ಬಂದ ಹಣದಲ್ಲಿ ಮೊದಲು ಸಾಲವನ್ನು ತೀರಿಸಿರಿ, ಮಕ್ಕಳ ವಿದ್ಯೆಗೆ ಕೊಡಿರಿ, ದುಡಿದವನ ಹೆಸರಿನಲ್ಲಿ ಒಂದು ಪಾಲನ್ನು ಕೂಡಿಡಿರಿ, ಉಳಿದುದನ್ನು ಬಾವಿಗೋ ತೋಟಕ್ಕೋ ಕಸುಬಿಗೋ ತೊಡಗಿಸಿರಿ. ಹಣವನ್ನು ಕಳುಹಿಸಿದವನು ಒಂದು ದಿನ ತಾನೂ ಹಿಂದಿರುಗುವನು. ಆ ದಿನ ಅವನಿಗೆ ಮಲಗಲು ಕೋಣೆಯಿದ್ದರೆ ಸಾಲದು, ಮಾಡಲು ಕೆಲಸವೂ ಇರಬೇಕು.