ಐದೇ ವೋಲ್ಟ್, ಆದರೂ ಎಚ್ಚರ

ಪ್ರತಿಯೊಂದು ದೀಪದ ಬಣ್ಣವನ್ನೂ ಬೇರೆಬೇರೆಯಾಗಿ ಬದಲಿಸಬಹುದಾದ ಎಲ್‌ಇಡಿ ಪಟ್ಟಿ ಇಂದು ಹವ್ಯಾಸಿಗಳಿಗೆ ಅಚ್ಚುಮೆಚ್ಚು. ‘ಐದೇ ವೋಲ್ಟ್ ತಾನೆ, ಶಾಕ್ ಹೊಡೆಯುವುದಿಲ್ಲವಲ್ಲ’ ಎಂದು ನೀವು ಕೇಳಬಹುದು. ನಿಜ. ಆದರೆ ಇಲ್ಲಿ ಭಯಪಡಬೇಕಾದದ್ದು ವೋಲ್ಟಿಗಲ್ಲ, ಆಂಪಿಯರಿಗೆ.

ಲೆಕ್ಕ ಹಾಕಿ ನೋಡೋಣ. ಡಬ್ಲ್ಯುಎಸ್ 2812ಬಿ ಮಾದರಿಯ ಒಂದು ದೀಪದಲ್ಲಿ ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ ಬೆಳಗಿದರೆ 60 ಮಿಲಿಆಂಪಿಯರ್ ಎಂದು ಹಿಡಿಯಬೇಕು. ಮೀಟರಿಗೆ 60 ದೀಪಗಳಂತೆ 5 ಮೀಟರ್ ಪಟ್ಟಿಯಲ್ಲಿ 300 ದೀಪಗಳು. ಒಟ್ಟು 18 ಆಂಪಿಯರ್, ಅಂದರೆ 90 ವಾಟ್. ಇಷ್ಟು ವಿದ್ಯುತ್ ತೆಳು ತಂತಿಯಲ್ಲೋ ಸಡಿಲ ಜೋಡಣೆಯಲ್ಲೋ ಹರಿದರೆ ಅದು ಕಾಯುತ್ತದೆ, ಹೊದಿಕೆ ಕರಗುತ್ತದೆ, ಬೆಂಕಿಯೂ ಹೊತ್ತಬಹುದು.

ಆದ್ದರಿಂದ ಪಟ್ಟಿಗೆ ಆರ್ಡುಯಿನೊ ಬೋರ್ಡಿನ ಮೂಲಕ ವಿದ್ಯುತ್ ಕೊಡಬೇಡಿ. 25 ಆಂಪಿಯರ್ ಕೊಡಬಲ್ಲ ಪವರ್ ಸಪ್ಲೈಯಿಂದ ನೇರವಾಗಿ ಕೊಡಿ. ಬೋರ್ಡಿನ ಗ್ರೌಂಡ್ ತಂತಿಯನ್ನು ಅದರ ಗ್ರೌಂಡಿಗೆ ಸೇರಿಸಿ. ಸಪ್ಲೈನ 230 ವೋಲ್ಟ್ ತಿರುಪುಗಳು ಕೈಗೆ ಸಿಗದಂತೆ ಮುಚ್ಚಿರಲಿ.

ಪಟ್ಟಿಯೊಳಗಿನ ತಾಮ್ರ ಬಹಳ ತೆಳು. ದೂರ ಹೋದಂತೆ ವೋಲ್ಟೇಜ್ ಕುಸಿದು ಬಿಳಿ ಬೆಳಕು ಹಳದಿಗೆ ತಿರುಗುತ್ತದೆ. ಎರಡೂ ತುದಿಗೆ, ನಡುವಿಗೂ, ದಪ್ಪ ತಂತಿಯಿಂದ ವಿದ್ಯುತ್ ಒದಗಿಸಿ. ಪ್ರತಿ ಕವಲಿಗೂ ಆ ತಂತಿ ತಾಳುವಷ್ಟಕ್ಕಿಂತ ಕಡಿಮೆ ಆಂಪಿಯರಿನ ಫ್ಯೂಸ್ ಹಾಕಿ. ಫ್ಯೂಸ್ ಕಾಯುವುದು ದೀಪವನ್ನಲ್ಲ, ತಂತಿಯನ್ನು.

ಪ್ರೋಗ್ರಾಮಿನಲ್ಲಿ ಬೆಳಕನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಕಣ್ಣಿಗೂ ಹಿತ, ತಂತಿಗೂ ಹಿತ. ಆದರೆ ತಂತಿ, ಫ್ಯೂಸುಗಳನ್ನು ಪೂರ್ಣ ಬೆಳಕಿನ ಲೆಕ್ಕಕ್ಕೇ ಆರಿಸಿ. ಪ್ರೋಗ್ರಾಮ್ ಎಂದಾದರೂ ತಪ್ಪಬಹುದು. ಆಗ ಮನೆ ಉಳಿಸುವುದು ಫ್ಯೂಸ್.